ಸಾವಿರದೊಂದಕ್ಕೇ ನಿಂತ ಎಣಿಕೆ

ನಾಲ್ಕನೆಯ ಸಲ ಕೇಳಿದಾಗಲೂ ಚರ್ವಾನ್‌ನ ದನಿ ಸಾವಿರದೊಂದಕ್ಕೇ ನಿಂತಿತು. ಆಮೇಲೆ ಬಸ್ಸಿನ ಹಾರನ್ನು, ಹೆಂಗಸೊಬ್ಬಳ ಕೂಗು, ತಗಡು ಹರಿದ ಸದ್ದು.

"ಇನ್ನೊಂದ್ಸಲ ಹಾಕ್ಲಾ ವಾ?" ಎಂದು ಕೇಳಿದಳು ರೊಹೇತಿ.

ಬೇಡ ಎಂದೆ. ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಅವಳ ಬೆರಳು ಲ್ಯಾಪ್‌ಟಾಪಿನ ಗುಂಡಿಯನ್ನು ಇನ್ನೂ ಬಿಟ್ಟಿರಲಿಲ್ಲ. ಗಂಡನ ವ್ಯಾನು ಲಾರಿಗೆ ಬಡಿಯುವುದನ್ನು ನಾಲ್ಕು ಸಲ ಕೇಳಿಸಿಕೊಂಡ ಹೆಣ್ಣಿನ ಬೆರಳು ಇನ್ನೇನು ಮಾಡೀತು?

ಎಂಟು ದಿನದ ಹಿಂದೆ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ, ಇದೇ ಟೋಲ್ ರಸ್ತೆಯಲ್ಲಿ ಅವಳ ಗಂಡ ಚರ್ವಾನ್ ಓಡಿಸುತ್ತಿದ್ದ ವ್ಯಾನು ಕೆಟ್ಟು ನಿಂತ ಮರಳು ಲಾರಿಯ ಬೆನ್ನಿಗೆ ನುಗ್ಗಿತ್ತು. ಮೂವರು ಪ್ರಯಾಣಿಕರು ಅಲ್ಲೇ ಹೋದರು. ಚಾಲಕ ನಿದ್ದೆ ಹೋಗಿದ್ದ ಎಂದು ಪೊಲೀಸರು ಬರೆದರು. ತಲೆಗೆ ಏಟು ಬಿದ್ದ ಚರ್ವಾನ್‌ಗೆ ಆ ಬೆಳಗಿನ ನೆನಪೇ ಇಲ್ಲ. ಎಲ್ಲರೂ ಹೇಳುತ್ತಾರೆ ಅಂದಮೇಲೆ ನಿದ್ದೆಯೇ ಇರಬೇಕು ಎಂದು ಅವನೂ ಒಪ್ಪಿಕೊಂಡಿದ್ದಾನೆ. ಇವತ್ತು ಮಧ್ಯಾಹ್ನ ಮೂರಕ್ಕೆ ಚಿರೆಬೊನ್‌ನ ಆಸ್ಪತ್ರೆಯ ಹಾಸಿಗೆಯಲ್ಲೇ ಹೇಳಿಕೆಗೆ ಸಹಿ ಹಾಕುತ್ತಾನೆ. ಹಾಕಿದರೆ ಆರು ವರ್ಷ ಜೈಲು.

ಅವನು ನಿದ್ದೆ ಮಾಡಿರಲಿಲ್ಲ ಎಂದು ಈಗ ನನಗೆ ಗೊತ್ತು. ನಿದ್ದೆ ಹೋದವನು ಎಣಿಸುವುದಿಲ್ಲ.

ಈ ಎಣಿಕೆಯನ್ನು ಅವನಿಗೆ ಕಲಿಸಿದವನು ನಾನು, ರಸ್ದಿ. ಮೂವತ್ತೊಂದು ವರ್ಷ ಹೆದ್ದಾರಿ ಪೊಲೀಸ್ ಕೆಲಸ ಮಾಡಿ, ಈಗ ಇಂದ್ರಮಾಯುವಿನಲ್ಲಿ ಡ್ರೈವಿಂಗ್ ಶಾಲೆ ಇಟ್ಟುಕೊಂಡಿದ್ದೇನೆ. ಊರಿನ ಹುಡುಗರಿಗೆಲ್ಲ ನಾನು ದೊಡ್ಡಪ್ಪನ ಸಮಾನ, ಅದಕ್ಕೇ 'ವಾ' ಅನ್ನುತ್ತಾರೆ. ನನ್ನ ಶಾಲೆಗೆ ಬಂದವರಿಗೆ ಮೊದಲ ದಿನ ಗೇರು ಮುಟ್ಟಲು ಬಿಡುವುದಿಲ್ಲ. ಎಣಿಸಲು ಕಲಿಸುತ್ತೇನೆ. ಮುಂದಿನ ಗಾಡಿ ದಾರಿಯ ಬದಿಯ ಒಂದು ಕಂಬ ದಾಟಿದೊಡನೆ ಶುರುಮಾಡಬೇಕು: ಸಾವಿರದೊಂದು, ಸಾವಿರದೆರಡು, ಸಾವಿರದ ಮೂರು. ನೀವು ಆ ಕಂಬ ಮುಟ್ಟುವಷ್ಟರಲ್ಲಿ ಮೂರೂ ಮುಗಿದಿರಬೇಕು. ಬರೀ ಒಂದು ಎರಡು ಮೂರು ಎಂದರೆ ಅವಸರದವನು ಒಂದೇ ಉಸಿರಿಗೆ ಮುಗಿಸಿಬಿಡುತ್ತಾನೆ. ಸಾವಿರ ಸೇರಿಸಿದರೆ ಬಾಯಿಗೆ ಒಂದು ಸೆಕೆಂಡು ಕೆಲಸ ಸಿಗುತ್ತದೆ.

ಹುಡುಗರು ನಗುತ್ತಾರೆ. ನನ್ನನ್ನು ಹಿಂದಿನಿಂದ 'ವಾ ಸಾವಿರ' ಎಂದು ಕರೆಯುವುದೂ ಗೊತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಯಾರೂ ಎಣಿಸುವುದಿಲ್ಲ. ಚರ್ವಾನ್ ಒಬ್ಬ ಹನ್ನೊಂದು ವರ್ಷ ಬಿಡದೆ ಎಣಿಸಿದ.

ವ್ಯಾನಿನ ಮುಂದಿನ ಗಾಜಿಗೆ ಅವನೇ ಕೈಯಾರೆ ಕೂರಿಸಿದ್ದ ಕ್ಯಾಮರಾ, ಆಸ್ಪತ್ರೆಯವರು ಕೊಟ್ಟ ಅವನ ಬಟ್ಟೆಯ ಚೀಲದಲ್ಲಿ ಸಿಕ್ಕಿತಂತೆ. ಇದನ್ನು ತೆರೆಯಲು ನನಗೆ ಬರುವುದಿಲ್ಲ, ನೀವೇ ನೋಡಿ ಎಂದು ರೊಹೇತಿ ನಿನ್ನೆ ನನ್ನ ಮನೆಗೆ ತಂದಿದ್ದಳು. ನನ್ನ ಕಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನ. ಒಂದು ತಿಂಗಳು ಸ್ಟಿಯರಿಂಗ್ ಮುಟ್ಟಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ಇವತ್ತು ಶಾಲೆಯ ಕಾರನ್ನೂ ಅವಳೇ ಓಡಿಸಿಕೊಂಡು ಬಂದು, ನೂರ ಅರವತ್ತಾರನೇ ಕಿಲೋಮೀಟರಿನ ರೆಸ್ಟ್ ಏರಿಯಾದಲ್ಲಿ, ಮಸೀದಿಯ ನೆರಳಿಗೆ ನಿಲ್ಲಿಸಿದ್ದಳು.

ನಾನು ಮಡಿಲಲ್ಲಿದ್ದ ಹಾಳೆ ನೋಡಿದೆ. ಇಲ್ಲಿ ಇನ್ನೂರು ಮೀಟರಿಗೊಂದು ಕಂಬ. ವಿಡಿಯೋದಲ್ಲಿ ಕಂಬದಿಂದ ಕಂಬಕ್ಕೆ ಎಷ್ಟು ಹೊತ್ತಾಯಿತೆಂದು ನೋಡಿದರೆ ವೇಗ ಸಿಕ್ಕಿಬಿಡುತ್ತದೆ. ಎಣಿಕೆ ಕೇಳಿದರೆ ಅಂತರವೂ ಸಿಗುತ್ತದೆ.

ಚರ್ವಾನ್ ಮೊದಲ ಸಲ ಎಣಿಸಿದಾಗ ಗಂಟೆಗೆ ತೊಂಬತ್ತಾರು ಕಿಲೋಮೀಟರ್ ವೇಗ, ಎಣಿಕೆ ಮೂರೂ ಪೂರ್ತಿ. ಎರಡನೆಯ ಸಲ ಎಂಬತ್ತೆಂಟು. ಎಣಿಕೆ ಎರಡಕ್ಕೇ ಮುಗಿಯಿತು. ಮೂರನೆಯ ಸಲ ಎಂಬತ್ತು. ಎರಡು ಹೇಳುವಷ್ಟರಲ್ಲಿ ಕಂಬ ಹೋಗಿತ್ತು. ಕೊನೆಗೆ ಎಪ್ಪತ್ತೆರಡು, ಸಾವಿರದೊಂದು, ಅಷ್ಟೇ.

ಚರ್ವಾನ್ ಪ್ರತಿ ಸಲವೂ ವೇಗ ಇಳಿಸಿದ್ದಾನೆ. ಆದರೂ ಅಂತರ ಬೆಳೆಯುವ ಬದಲು ಕರಗಿದೆ. ಹಾಗಾಗಬೇಕಾದರೆ ಮುಂದಿದ್ದವನು ಅವನಿಗಿಂತ ಬೇಗ ವೇಗ ಇಳಿಸುತ್ತಾ ಬಂದಿರಬೇಕು. ಅದೂ ಬ್ರೇಕಿನ ದೀಪ ಹತ್ತದ ಹಾಗೆ, ಗೇರಿನಲ್ಲೇ. ಖಾಲಿ ರಸ್ತೆ, ಒಳ್ಳೆ ಬಿಸಿಲು. ಮುಂದಿದ್ದವನು ಅಲ್ಲಿ ವೇಗ ಇಳಿಸಬೇಕಾದ ಕಾರಣವೇ ಇರಲಿಲ್ಲ.

ಹಿಂದಿನಿಂದ ಒಂದು ಬಸ್ಸು ಹಾರನ್ ಹೊಡೆಯುತ್ತಾ ಒತ್ತಿಕೊಂಡು ಬಂದಿತ್ತು. ಹಾಗಾಗಿ ಚರ್ವಾನ್ ಪೂರ್ತಿ ನಿಧಾನಿಸುವ ಹಾಗೂ ಇರಲಿಲ್ಲ. ಕೊನೆಗೆ ಆ ಬಸ್ಸು ಬಲಗಡೆಗೆ ಹೋಗಿ ಹಿಂದಿಕ್ಕಲು ಶುರುಮಾಡಿತು. ಅದೇ ಗಳಿಗೆಯಲ್ಲಿ ಮುಂದಿನ ವ್ಯಾನು ಬಸ್ಸಿನ ಮೂತಿಯ ಮುಂದೆ ಬಲಕ್ಕೆ ನುಸುಳಿತು. ಚರ್ವಾನ್‌ನ ಕಣ್ಣೆದುರಿಗೆ ಉಳಿದದ್ದು ನಿಂತ ಲಾರಿ, ಪಕ್ಕದಲ್ಲಿ ಬಸ್ಸು, ಕೈಯಲ್ಲಿ ಒಂದು ಸೆಕೆಂಡು.

ಎಣಿಕೆ ಶುರುವಾಗುವ ಮೊದಲು ಇನ್ನೊಂದು ಮಾತಿತ್ತು. "ಬಲಗಡೆ ತಾನೆ? ಆಯ್ತು" ಎಂದು ಚರ್ವಾನ್ ಯಾರಿಗೋ ಹೇಳುತ್ತಾನೆ. ನಾನು ಅದನ್ನು ಮತ್ತೆ ಕೇಳಬೇಕೆಂದಾಗ, ಯಾರೋ ಪ್ರಯಾಣಿಕರ ಹತ್ತಿರ ಮಾತಾಡಿರಬೇಕು ಬಿಡಿ ಎಂದು ರೊಹೇತಿ ಮುಂದಕ್ಕೆ ಓಡಿಸಿದ್ದಳು. ಪ್ರಯಾಣಿಕರು ಯಾವ ಕಡೆ ಇಳಿಸುತ್ತೀಯ ಎಂದು ಕೇಳುವುದು ದಿನವೂ ಇದ್ದದ್ದೇ. ನಾನೂ ಬಿಟ್ಟೆ.

ಮುಂದಿದ್ದ ವ್ಯಾನು ಅವರದೇ ಟ್ರಾವೆಲ್ ಕಂಪನಿಯದು. ಓಡಿಸುತ್ತಿದ್ದವನು ವಾರ್ಸಿತ, ಚರ್ವಾನ್‌ನ ಜೀವದ ಗೆಳೆಯ, ನನ್ನ ಇನ್ನೊಬ್ಬ ಶಿಷ್ಯ. ಅವನಿಗೆ ತಂದೆ ಇರಲಿಲ್ಲವೆಂದು ಮದುವೆಯಲ್ಲಿ ತಂದೆಯ ಜಾಗದಲ್ಲಿ ಕುಳಿತವನು ನಾನು. ಚರ್ವಾನ್ ಬೆಳಿಗ್ಗೆಯಿಂದ ತೂಕಡಿಸುತ್ತಿದ್ದ ಎಂದು ಪೊಲೀಸರಿಗೆ ಹೇಳಿದವನೂ ಅವನೇ.

ಹಿಂದೆ ಬರುವವನು ಎಷ್ಟು ದೂರದಲ್ಲಿದ್ದಾನೆಂದು ಕನ್ನಡಿ ನೋಡಿ ಎಣಿಸುವುದನ್ನು ಇಬ್ಬರಿಗೂ ಒಂದೇ ದಿನ ಕಲಿಸಿದ್ದೆ. ಜೀವ ಉಳಿಯಲಿ ಎಂದು ಕಲಿಸಿದ ವಿದ್ಯೆಯನ್ನು ನನ್ನ ಹುಡುಗ ಗೆಳೆಯನನ್ನು ಲಾರಿಯ ಬಾಯಿಗೆ ಕರೆದೊಯ್ಯಲು ಬಳಸಿದನೇ? ನಾಚಿಕೆಯಾಯಿತು, ಯಾಕೆಂದರೆ ಎಲ್ಲರೆದುರೂ ಇವನು ನನ್ನ ಒಳ್ಳೆಯ ಶಿಷ್ಯ ಎಂದು ಮೀಸೆ ತಿರುವಿದವನು ನಾನು.

"ಅವನ ಗಾಡಿ ಬಂತು" ಎಂದಳು ರೊಹೇತಿ.

ನಾವು ಕಾಯುತ್ತಿದ್ದ ವಾರ್ಸಿತನ ಬಿಳಿ ವ್ಯಾನು ಸಾಲಿನ ಕೊನೆಗೆ ನಿಂತಿತು. ಬಂಡುಂಗ್‌ನಿಂದ ಬಂದ ಪ್ರಯಾಣಿಕರು ಇಳಿದು ಒಬ್ಬೊಬ್ಬರೇ ಶೌಚಾಲಯದ ಕಡೆ, ಮಸೀದಿಯ ಕಡೆ ಹೋದರು. ನೀನು ಇಲ್ಲೇ ಇರು, ನಿನ್ನ ಮುಖ ನೋಡಿದರೆ ಅವನು ಬಾಯಿ ಬಿಡುವುದಿಲ್ಲ ಎಂದು ಹೇಳಿ ನಾನು ಇಳಿದೆ. ಲ್ಯಾಪ್‌ಟಾಪನ್ನು ಸೀಟಿನ ಮೇಲೇ ಬಿಟ್ಟೆ. ಕ್ಯಾಮರಾದ ಕಾರ್ಡು ಅದರೊಳಗೇ ಇತ್ತು.

ವಾರ್ಸಿತ ವಾರುಂಗ್ ಎಂಬ ಪುಟ್ಟ ಊಟದಂಗಡಿಯ ಮೂಲೆಯ ಬೆಂಚಿನಲ್ಲಿ ನಾಸಿ ಲೆಂಕೊ ತಟ್ಟೆಯ ಮುಂದೆ ಕುಳಿತಿದ್ದ. ಅನ್ನ ಹಾಗೇ ಇತ್ತು, ಕಡಲೆ ಚಟ್ನಿ ಆರಿ ಗಟ್ಟಿಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, ನನ್ನ ಕೈ ಹಿಡಿದು ಹಣೆಗೊತ್ತಿಕೊಂಡ. ಕಣ್ಣು ಹೇಗಿದೆ, ಔಷಧಿ ಹಾಕುತ್ತಿದ್ದೀರಾ ಎಂದೆಲ್ಲ ವಿಚಾರಿಸಿದ. ಕೂಗಿ ನನಗೂ ಒಂದು ತಟ್ಟೆ ಹೇಳಲು ಹೋದ.

"ನಿನ್ನ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ, ಕೂತ್ಕೋ" ಎಂದೆ.

ಅವನು ಕುಳಿತ. ನಾನು ಹಾಳೆಯನ್ನು ಬಿಡಿಸಿ ತಟ್ಟೆಯ ಪಕ್ಕಕ್ಕಿಟ್ಟೆ. ಕಂಬ, ಹೊತ್ತು, ವೇಗ, ಎಣಿಕೆ. ಡ್ರೈವಿಂಗ್ ಕಲಿಯುವಾಗ ಇಂಥ ನೂರು ಹಾಳೆ ಬರೆದವನು ಅವನು. ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

"ಎಣಿಸ್ತಾ ಇದ್ನಾ?" ಎಂದು ಕೇಳಿದ.

"ಕೊನೇವರೆಗೂ."

"ಹಾಗಾದ್ರೆ ನಿದ್ದೆ..."

"ಮೂರಿದ್ದ ಅಂತರಾನ ನೀನು ಎರಡಕ್ಕೆ ತಂದೆ. ಅವನು ಹಿಂದೆ ಸರಿದ, ನೀನೂ ಹಿಂದೆ ಸರಿದೆ. ಒಂದಕ್ಕೆ ತಂದೆ. ಇಲ್ಲ ಅನ್ನು ನೋಡೋಣ."

ಅವನು ಚಮಚವನ್ನು ತಟ್ಟೆಯ ಅಂಚಿಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹೌದು ವಾ. ಹತ್ರ ಇಟ್ಕೊಂಡಿದ್ದೆ. ಬೇಕಂತಲೇ."

ಕೈ ಎತ್ತಿ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅರವತ್ತೆರಡು ವರ್ಷಕ್ಕೆ ಕೈ ಮೊದಲಿನಷ್ಟು ಬೇಗ ಏಳುವುದಿಲ್ಲ, ಅಷ್ಟರಲ್ಲಿ ಅವನೇ ಮಾತು ಮುಂದುವರಿಸಿದ್ದ.

"ರೊಹೇತಿ ಹೇಳಿದ್ಲು ವಾ. ಇವನು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ತೂಕಡಿಸ್ತಿದಾನೆ, ಕೇಳಿದ್ರೆ ಒಪ್ಪಲ್ಲ ಅಂತ. ಕಾಂಗ್, ನೀನು ಅಣ್ಣ ಇದ್ದಂಗೆ, ಅವನನ್ನ ದೂರ ಬಿಡ್ಬೇಡ, ನಿನ್ನ ಗಾಡಿ ಕಣ್ಣೆದುರಿಗೇ ಇದ್ರೆ ಎಚ್ಚರ ಇರ್ತಾನೆ, ನಿಧಾನಕ್ಕೆ ಕರ್ಕೊಂಡು ಬಾ ಅಂದ್ಲು. ಹೆಂಡ್ತಿ ಬಾಯಲ್ಲಿ ಬಂದ ಮಾತು, ನಾನು ನಂಬದೆ ಇರಕ್ಕಾಗತ್ತಾ?"

ಕಂಪನಿಯಲ್ಲಿ ರಸ್ತೆ ಸುದ್ದಿ ಹೇಳುವವಳು ರೊಹೇತಿಯೇ. ಎಲ್ಲಿ ಗಾಡಿ ಕೆಟ್ಟಿದೆ, ಎಲ್ಲಿ ರಿಪೇರಿ ನಡೆದಿದೆ ಎಂದು ಚಾಲಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ತಿಳಿಸುವುದು ಅವಳ ಕೆಲಸ. ವ್ಯಾನಿನಲ್ಲಿ ರೇಡಿಯೋ ಗದ್ದಲ ಮಾಡಿದರೆ ಪ್ರಯಾಣಿಕರು ಗೊಣಗುತ್ತಾರೆಂದು ಕಂಪನಿ ಎಲ್ಲರ ಕಿವಿಗೂ ಫೋನು ಸಿಕ್ಕಿಸಿದೆ. ಒಬ್ಬನಿಗೆ ಹೇಳಿದ್ದು ಇನ್ನೊಬ್ಬನಿಗೆ ಕೇಳುವುದಿಲ್ಲ.

ನಾನು ಲಾರಿಯ ವಿಷಯ ಕೇಳಿದೆ. ಅದನ್ನೂ ಅವಳೇ ಹೇಳಿದ್ದಳಂತೆ, ತೂಕಡಿಕೆಯ ಮಾತಿನ ಜೊತೆಗೇ. ಚರ್ವಾನ್‌ಗೂ ತಿಳಿಸಿದ್ದೇನೆ ಎಂದಿದ್ದಳಂತೆ. ವಾರ್ಸಿತ ಬಲಕ್ಕೆ ಹೋಗಲು ನೋಡಿದರೆ ಬಸ್ಸು ಅಡ್ಡವಿತ್ತು. ಕೊನೆಯ ಗಳಿಗೆಯಲ್ಲಿ ಹೇಗೋ ನುಸುಳಿದ. ಲಾರಿಯಿರುವುದು ಚರ್ವಾನ್‌ಗೂ ಗೊತ್ತಲ್ಲ, ಅವನು ಆಗಲೇ ನಿಧಾನಿಸಿರುತ್ತಾನೆ ಎಂದುಕೊಂಡ. ಕನ್ನಡಿಯಲ್ಲಿ ನೋಡುವ ಹೊತ್ತಿಗೆ ಧೂಳು ಎದ್ದಿತ್ತು.

"ಲಾರಿ ಯಾವ ಕಡೆ ಇದೆ ಅಂದ್ಲು?" ಎಂದು ಕೇಳಿದೆ.

"ಎಡಗಡೆ ಅಂತ. ಎಡಗಡೇನೇ ಇತ್ತಲ್ಲ ವಾ."

ಚರ್ವಾನ್ ಪ್ರಯಾಣಿಕರ ಹತ್ತಿರ ಮಾತಾಡಿರಲಿಲ್ಲ. ಬಲಗಡೆ ತಾನೆ ಎಂದು ಅವನು ಕೇಳಿದ್ದು ಹೆಂಡತಿಯನ್ನು. ಬಲಗಡೆ ಲಾರಿಯಿದೆ ಎಂದುಕೊಂಡು, ಎಡಗಡೆಯೇ ಕ್ಷೇಮವೆಂದು ಅಲ್ಲಿಂದ ಅಲುಗಾಡದೆ ಬಂದಿದ್ದ.

ಒಬ್ಬನಿಗೆ ಎಡ ಎಂದಿದ್ದಾಳೆ, ಇನ್ನೊಬ್ಬನಿಗೆ ಬಲ ಎಂದಿದ್ದಾಳೆ. ಇಬ್ಬರ ನಡುವಿನ ಅಂತರವನ್ನು ಗೆಳೆತನದ ಹೆಸರಿನಲ್ಲಿ ಕಿತ್ತುಹಾಕಿಸಿದ್ದಾಳೆ. ಚರ್ವಾನ್‌ಗೆ ಎಣಿಕೆಯ ಅಭ್ಯಾಸ ಇರುವುದು, ದೂರ ಸರಿಯಲು ನೋಡುತ್ತಾನೆನ್ನುವುದು ಅವಳಿಗೆ ಗೊತ್ತು. ಯಾಕೆಂದರೆ ನನ್ನ ಶಾಲೆಯಲ್ಲಿ ಅವನ ಪಕ್ಕದ ಸೀಟಿನಲ್ಲಿ ಕುಳಿತು ಕಲಿತವಳು ಅವಳು. ಅಲ್ಲೇ ಅವರಿಬ್ಬರ ಪ್ರೀತಿ ಶುರುವಾಗಿದ್ದು. ನಾನೇ ನಿಂತು ಆ ಮದುವೆಯನ್ನೂ ಮಾಡಿಸಿದ್ದೆ.

ಇದನ್ನೆಲ್ಲ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳೇ ಬೇಡವೆಂದು ಅತ್ತಳಂತೆ. ಹೆಂಡತಿ ಎಚ್ಚರಿಸಿದರೂ ಕೇಳದೆ ಓಡಿಸಿದ ಎಂದಾದರೆ ಗಂಡನಿಗೆ ಶಿಕ್ಷೆ ಹೆಚ್ಚಾಗುತ್ತದೆ ಎಂದಳಂತೆ. ಇವನು ತೂಕಡಿಕೆಯ ಮಾತೊಂದನ್ನು ಹೇಳಿ ಉಳಿದದ್ದನ್ನು ನುಂಗಿಕೊಂಡ. ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಇವತ್ತಿನವರೆಗೂ ತಿಳಿದಿದ್ದ.

ನಾನು ಬಲಗಡೆ ಎಂಬ ಮಾತನ್ನು ಅವನಿಗೆ ಹೇಳಿದೆ. ಅವನ ಮುಖ ನೋಡಲಾಗಲಿಲ್ಲ. ಬೈಯಲು ಬಂದವನಿಗೆ ಬೈಗುಳವೇ ಮರೆತುಹೋಯಿತು.

"ನಾನೇ ಕೊಂದೆ ಅಲ್ವಾ ವಾ, ಆ ಮೂರು ಜನಾನ?"

"ಈಗ ಅಳ್ಬೇಡ. ಮೂರು ಗಂಟೆಗೆ ಮುಂಚೆ ಆಸ್ಪತ್ರೆಗೆ ಬಂದು, ನನಗೆ ಹೇಳಿದ್ದನ್ನ ಅಧಿಕಾರಿ ಮುಂದೆ ಹೇಳು. ನಾನು ಅವಳ ಜೊತೆ ಹೋಗ್ತೀನಿ. ನೀನು ಹತ್ತು ನಿಮಿಷ ಬಿಟ್ಟು ಹೊರಡು. ಹತ್ರ ಬರ್ಬೇಡ, ಅವಳಿಗೆ ಗೊತ್ತಾಗಬಾರ್ದು."

ಅವನ ಗಾಡಿಯಲ್ಲೇ ಹೋಗಬಹುದಿತ್ತು. ಹೋಗಬೇಕಿತ್ತು. ಆದರೆ ಕಾರ್ಡು ಅವಳ ಹತ್ತಿರವಿತ್ತು. ಜೊತೆಗೆ, ಅವಳು ತಾನಾಗಿಯೇ ಕಾರು ಓಡಿಸಿಕೊಂಡು ಪೊಲೀಸರ ಮುಂದೆ ಬಂದು ನಿಂತರೆ ಎಷ್ಟು ಚೆಂದ ಎಂಬ ಹಳೇ ಪೊಲೀಸ್ ಬುದ್ಧಿಯೂ ಇತ್ತು. ಮುಖದ ಮೇಲೆ ಏನೂ ತೋರಿಸದೆ ಬಂದು ಎಡಗಡೆಯ ಸೀಟಿನಲ್ಲಿ ಕುಳಿತೆ. ಗಂಟೆ ಒಂದೂಮುಕ್ಕಾಲು.

ಲ್ಯಾಪ್‌ಟಾಪು ಹಿಂದಿನ ಸೀಟಿಗೆ ಹೋಗಿತ್ತು. ಅದರ ಅಂಚಿನಲ್ಲಿ ಕಾರ್ಡು ತೂರಿಸುವ ಜಾಗ ಖಾಲಿ ಕಾಣುತ್ತಿತ್ತು.

ಅವಳು ಚೆನ್ನಾಗಿ ಓಡಿಸುತ್ತಾಳೆ. ಕನ್ನಡಿ ನೋಡಿ, ದೀಪ ತೋರಿಸಿ, ಲಾರಿಗಳ ನಡುವೆ ಜಾಗ ನೋಡಿಕೊಂಡು ರಸ್ತೆಗೆ ಸೇರಿಕೊಂಡಳು. ಹತ್ತು ಕಿಲೋಮೀಟರ್ ಕಳೆಯಿತು. ಅಲ್ಲಿವರೆಗೂ ವಾರ್ಸಿತ ಏನಂದ ಎಂದು ಅವಳು ಕೇಳಲಿಲ್ಲ. ಗಂಡನ ಆರು ವರ್ಷದ ಜೈಲು ಒಬ್ಬನ ಮಾತಿನ ಮೇಲೆ ನಿಂತಿರುವಾಗ ಯಾವ ಹೆಂಡತಿ ಸುಮ್ಮನಿರುತ್ತಾಳೆ?

ಕೊನೆಗೆ ನಾನೇ ಹೇಳಿದೆ, ಅವನು ಅದೇ ರಾಗ ಹಾಡುತ್ತಾನೆ, ಚರ್ವಾನ್‌ಗೆ ತೂಕಡಿಕೆ ಇತ್ತೆನ್ನುತ್ತಾನೆ ಎಂದು.

"ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ ವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಲ್ಟ್ ಹಾಕೋಕೆ ಮೂರು ಸಲ ತಡಕಾಡಿದ್ರಿ. ನೀವು ಯಾವತ್ತಾದ್ರೂ ಬೆಲ್ಟ್ ತಡಕಾಡಿದ್ದುಂಟಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಆದರೂ ಒಳಗೆ ಎಲ್ಲೋ ಒಂದು ಆಸೆ. ಬಾಯಿ ತಪ್ಪಿ ಬಂದ ಮಾತಿರಬಹುದು. ಎಡ ಬಲ ಯಾರಿಗೆ ತಪ್ಪುವುದಿಲ್ಲ? ಹಾಗೆಂದು ಅವಳು ಒಂದು ಸಲ ಹೇಳಿದರೆ ನಂಬಲು ನಾನು ತಯಾರಿದ್ದೆ. ನಾನು ಮಗಳೆಂದು ಕರೆದವಳು ಅವಳು.

"ಚರ್ವಾನ್‌ಗೆ ಬಲಗಡೆ ಅಂದಿದ್ದು ಬಾಯಿ ತಪ್ಪಿ ತಾನೆ ಮಗಳೇ?"

ಅವಳು ಮುಂದಿದ್ದ ಲಾರಿಯನ್ನು ಹಿಂದಿಕ್ಕಿದಳು.

"ಏಳು ವರ್ಷದಿಂದ ರಸ್ತೆ ಸುದ್ದಿ ಹೇಳ್ತಾ ಇದೀನಿ ವಾ. ಒಂದು ದಿನಾನೂ ಎಡ ಬಲ ತಪ್ಪಿಲ್ಲ."

ಅದನ್ನು ಹೇಳಿ ಆಕ್ಸಿಲರೇಟರ್ ಒತ್ತಿದಳು. ಮುಳ್ಳು ನೂರು ದಾಟಿತು, ನೂರ ಹತ್ತು ದಾಟಿತು. ಗಂಡನನ್ನು ಕೊಲ್ಲಲು ನೋಡುವಷ್ಟು ಅವರ ನಡುವೆ ಏನು ನಡೆದಿತ್ತೋ, ಕೇಳುವ ಹೊತ್ತು ಅದಾಗಿರಲಿಲ್ಲ. ನನ್ನ ಮನೆಯಲ್ಲಿ ಉಂಡವಳು, ನನ್ನ ಹೆಂಡತಿ ಸತ್ತಾಗ ಮೂರು ದಿನ ಒಲೆ ಹಚ್ಚಿದವಳು. ನನ್ನ ಹತ್ತಿರ ಕಾರ್ಡು ತಂದದ್ದು ಗಂಡನನ್ನು ಉಳಿಸಲಿಕ್ಕಲ್ಲ. ಅದರಲ್ಲಿ ತನ್ನ ಬಗ್ಗೆ ಎಷ್ಟಿದೆ ಎಂದು ತಿಳಿದುಕೊಳ್ಳಲಿಕ್ಕೆ. ಮುದುಕನ ಕಣ್ಣು ಮಂಜಾಗಿತ್ತು ನಿಜ. ಕಿವಿಯಾದರೂ ನೆಟ್ಟಗಿರಬೇಕಿತ್ತು.

ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಾಲನ್ನು ಅದರ ಮೇಲಿಟ್ಟೆ. ಒತ್ತುವ ಮೊದಲು, ರೂಢಿಯ ಪ್ರಕಾರ, ನನ್ನ ಕಡೆಯ ಕನ್ನಡಿ ನೋಡಿದೆ.

ಹಿಂದೆ ಬಿಳಿ ವ್ಯಾನು. ವಾರ್ಸಿತ.

ಹತ್ತು ನಿಮಿಷ ಬಿಟ್ಟು ಹೊರಡು ಎಂದಿದ್ದೆ. ಅವನಿಗೆ ತಡೆಯಲಾಗಿಲ್ಲ. ನಮ್ಮ ಬಂಪರಿಗೆ ಮೂತಿ ತಾಗಿಸುವಷ್ಟು ಹತ್ತಿರ ಬಂದು ದೀಪ ಮಿನುಗಿಸುತ್ತಿದ್ದಾನೆ. ನನ್ನನ್ನು ಕಾಪಾಡಲು ಬಂದ ಮೂರ್ಖ. ಅವನ ಗಾಜಿನ ಹಿಂದೆ ಪ್ರಯಾಣಿಕರ ತಲೆಗಳು ಸಾಲಾಗಿ ಕಾಣುತ್ತಿದ್ದವು, ಯಾರೋ ಒಬ್ಬಳು ಕೂಸನ್ನು ಭುಜಕ್ಕೆ ಹಾಕಿಕೊಂಡಿದ್ದಳು. ಹತ್ತಿರ ಬರಬೇಡ ಎಂದು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಸಹಾಯಕ್ಕೆ ಕರೆಯುತ್ತಿದ್ದೇನೆಂದು ತಿಳಿದು ಅವನು ಇನ್ನೂ ಹತ್ತಿರ ಬಂದ.

ರೊಹೇತಿ ಒಳಗಿನ ಕನ್ನಡಿಯನ್ನು ಸ್ವಲ್ಪ ಸರಿಮಾಡಿಕೊಂಡಳು.

"ಒತ್ತಿ ವಾ, ಬೇಕಾದ್ರೆ. ಅವನ ಗಾಡೀಲಿ ಹದಿಮೂರು ಜನ ಇದಾರೆ. ಬೆಳಿಗ್ಗೆ ಪಟ್ಟಿ ಬರೆದೋಳು ನಾನೇ."

ಆಸ್ಪತ್ರೆಗೆ ಇಳಿಯುವ ದಾರಿಯ ಹಸಿರು ಫಲಕ ಎಡಗಡೆ ಬಂತು. ಅವಳು ದೀಪ ತೋರಿಸಲಿಲ್ಲ, ವೇಗವನ್ನೂ ಇಳಿಸಲಿಲ್ಲ. ಬ್ರೇಕಿನ ಮೇಲಿಟ್ಟ ಕಾಲನ್ನು ನಾನು ಒತ್ತಲೂ ಆಗಲಿಲ್ಲ, ತೆಗೆಯಲೂ ಆಗಲಿಲ್ಲ. ಫಲಕ ಹಿಂದೆ ಹೋಯಿತು, ಬಿಳಿ ವ್ಯಾನು ನಮ್ಮ ಹಿಂದೆಯೇ ಬಂತು. ಚರ್ವಾನ್‌ನ ಸಹಿಗೆ ಇನ್ನು ಐವತ್ತು ನಿಮಿಷವಿತ್ತು.